ನೀರು ನಿಲ್ಲುವ ಅರ್ಧ ಗಂಟೆ

ಮೂರನೇ ಸಲವೂ ಮರಿಗಳು ಸತ್ತವೆಂದು ಫೋನು ಬಂದಾಗ ನಾನು ಚೆಂಬೂರಿನ ಮನೆಯಲ್ಲಿ, ಕೆಲಸಕ್ಕೆ ಹೊರಡುವ ಮುನ್ನ, ಗ್ಯಾಸ್ ಸಿಲಿಂಡರ್ ಆಫ್ ಆಗಿದೆಯೇ ಎಂದು ಎರಡನೇ ಸಲ ನೋಡುತ್ತಿದ್ದೆ. ಮೊದಲ ಸಲ ನೋಡಿದವನೂ ನಾನೇ. ಆದರೆ ನನ್ನನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಐವತ್ತಮೂರು ವರ್ಷಗಳ ಒಡನಾಟದಲ್ಲಿ ಈ ಮನುಷ್ಯನ ಬಗ್ಗೆ ನನಗೆ ಸಾಕಷ್ಟು ಗೊತ್ತಾಗಿದೆ.

"ಸಾಹೇಬ್ರ, ಎಲ್ಲಾ ತಳಕ್ಕ ಕುಂತಾವ್ರಿ," ಎಂದಿತು ಆ ಕಡೆಯ ದನಿ. "ಒಂದೂ ಈಜವಲ್ದು."

ದನಿ ಶೆಡ್ಡಿನ ಪಂಪು ನೋಡಿಕೊಳ್ಳುವ, ಎಲ್ಲರೂ ಮಾಮಾ ಎಂದು ಕರೆಯುವವರದು. ವಿಜಯಪುರದ ಕಡೆಯವರು, ನನಗಿಂತ ನಾಲ್ಕು ವರ್ಷ ದೊಡ್ಡವರು. ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದು, ಕೊನೆಗೆ ಮಲಾಡಿನಾಚೆ ಫೆರಿ ದಾಟಿದರೆ ಸಿಗುವ ಮೀನುಗಾರರ ಒಂದು ಕೋಲಿವಾಡದ ಅಂಚಿನಲ್ಲಿ, ಸಮುದ್ರ ಒಳನುಗ್ಗಿ ಹೊಳೆಯಂತಾದ ಖಾಡಿಯ ದಡದ ಶೆಡ್ಡಿನಲ್ಲಿ ನೆಲೆಯಾದವರು. ಆ ಶೆಡ್ಡಿನಲ್ಲಿ ಹನ್ನೊಂದು ಮೀನುಗಾರ ಹೆಂಗಸರು ಸೇರಿ ಸಿಂಪಿಯ ಮರಿಗಳನ್ನು ಬೆಳೆಸಲು ಹೊರಟಿದ್ದರು. ಬಂಡೆಗೆ ಅಂಟಿಕೊಂಡು ಬೆಳೆಯುವ ಸಿಂಪಿ. ಅವರು ಅದನ್ನು ಕಾಲವ ಎನ್ನುತ್ತಾರೆ. ತಲೆಮಾರುಗಳಿಂದ ಅವರ ಕೆಲಸವೆಂದರೆ ಸಮುದ್ರ ಇಳಿದಾಗ ಬಂಡೆಗಳ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಕಬ್ಬಿಣದ ಚೂಪು ಸಲಾಕೆಯಿಂದ ಸಿಂಪಿಯನ್ನು ಕುಟ್ಟಿ ತೆಗೆಯುವುದು. ಈಗ ಬಂಡೆಗಳ ಮೇಲೆ ಮೊದಲಿನಷ್ಟು ಇಲ್ಲ. ಹಾಗಾಗಿ ತೊಟ್ಟಿಯಲ್ಲಿ ಮೊಟ್ಟೆಯಿಡಿಸಿ, ಮರಿ ಮಾಡಿ, ಹಳೆಯ ಚಿಪ್ಪುಗಳ ಸರಕ್ಕೆ ಅಂಟಿಸಿ, ಖಾಡಿಯಲ್ಲಿ ತೂಗುಹಾಕಿ ಬೆಳೆಸುವ ಯೋಜನೆ. ನಮ್ಮ ಪ್ರಯೋಗಾಲಯ ಅದಕ್ಕೆ ತಾಂತ್ರಿಕ ಸಲಹೆ ಕೊಡುತ್ತಿತ್ತು. ಪ್ರಯೋಗಾಲಯ ಎಂದರೆ ಇಲ್ಲಿ ನಾನು.

ಹೆಂಗಸರ ಮುಖ್ಯಸ್ಥೆಯನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಉಳಿದ ಹತ್ತು ಜನರನ್ನು ಬಂಡೆಯಿಂದ ಎಬ್ಬಿಸಿ ಶೆಡ್ಡಿಗೆ ಕರೆತಂದವರು ಅವರೇ. ಎರಡು ಸಲ ಮರಿ ಸತ್ತಾಗಲೇ ಅವರಲ್ಲಿ ನಾಲ್ವರು ಮತ್ತೆ ಸಲಾಕೆ ಹಿಡಿದು ಬಂಡೆಗೆ ಹೋಗಿದ್ದರು. ಮೊದಲು ಹೋದವಳು ಮಾವಶಿಯ ಸ್ವಂತ ಓರಗಿತ್ತಿ. ಯೋಜನೆಯ ಸಮಿತಿಯಿಂದ ಕಾಗದವೂ ಬಂದಿತ್ತು: ಮಳೆಗಾಲಕ್ಕೆ ಮುಂಚೆ ಒಂದು ತಂಡ ಮರಿಗಳಾದರೂ ಚಿಪ್ಪಿಗೆ ಅಂಟದಿದ್ದರೆ ಶೆಡ್ಡು ಮುಚ್ಚಿ ತೊಟ್ಟಿಗಳನ್ನು ಬೇರೆ ಊರಿಗೆ ಸಾಗಿಸಲಾಗುವುದು. ಆಗ ಏಪ್ರಿಲ್ ಮೊದಲ ವಾರ.

"ಮಾಮಾ, ಬಾಟಲಿಗಳಲ್ಲಿ ಸ್ವಲ್ಪ ಸ್ವಲ್ಪ ತುಂಬಿ ಕೊಳೆಯದ ಹಾಗೆ ಫಾರ್ಮಲಿನ್ ಹಾಕಿಡಿ," ಎಂದೆ. "ನಾನು ಬಂದು ಒಯ್ಯುತ್ತೇನೆ."

ಈ ಒಂದು ವಾಕ್ಯದಲ್ಲಿ ನಾನು ಮಾಡಿದ ತಪ್ಪು ಏನೆಂದು ಈ ಕೆಲಸ ಬಲ್ಲವರಿಗೆ ಈಗಾಗಲೇ ತಿಳಿದಿರುತ್ತದೆ. ಉಳಿದವರಿಗೆ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಮರಿಗಳ ವಿಷಯ ಸ್ವಲ್ಪ ಹೇಳಬೇಕು.

ಸಿಂಪಿಯ ಮೊಟ್ಟೆ ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದರೊಳಗೆ ತಾಯಿ ಕಟ್ಟಿಕೊಟ್ಟ ಬುತ್ತಿ ಒಂದು ದಿನಕ್ಕೆ ಮಾತ್ರ ಸಾಕು. ಆ ಒಂದು ದಿನದಲ್ಲಿ ಮರಿ ತನ್ನ ಮೊದಲ ಚಿಪ್ಪನ್ನು ಕಟ್ಟಿಕೊಳ್ಳಬೇಕು. ಚಿಪ್ಪಿನ ಆಕಾರ ಸಿಕ್ಕಿದ ಮೇಲೆಯೇ ಅದಕ್ಕೆ ತಿನ್ನಲು ಬರುವುದು. ಚಿಪ್ಪೆಂದರೆ ಸುಣ್ಣ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ನೀರು ಆಮ್ಲದ ಕಡೆ ವಾಲಿದರೆ ಸುಣ್ಣ ಕಟ್ಟುವುದು ಕಷ್ಟವಾಗುತ್ತದೆ. ಬುತ್ತಿಯೆಲ್ಲ ಕಟ್ಟುವ ಕೂಲಿಗೇ ಮುಗಿದು, ಊಟದ ಹೊತ್ತಿಗೆ ಮರಿಗೆ ಬಾಯಿ ತೆರೆಯುವ ಶಕ್ತಿಯೂ ಇರುವುದಿಲ್ಲ. ಜಗತ್ತಿನ ಹೊಗೆಯನ್ನೆಲ್ಲ ನುಂಗಿ ಸಮುದ್ರ ನಿಧಾನಕ್ಕೆ ಹೀಗೆ ಹುಳಿಯಾಗುತ್ತಿದೆ ಎಂಬುದು ನನ್ನ ಇಪ್ಪತ್ತು ವರ್ಷಗಳ ಓದು, ಮತ್ತು ಅಷ್ಟೇ ವರ್ಷಗಳ ನಿದ್ದೆಗೇಡು.

ಆದ್ದರಿಂದ ಬಾಟಲಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ದುಃಖವಾಗಬೇಕಾದ ಜಾಗದಲ್ಲಿ ನನಗೆ ಒಳಗೊಳಗೇ ಖುಷಿಯಾಯಿತು. ಮರಿಗಳಿಗೆ ಚಿಪ್ಪೇ ಇರಲಿಲ್ಲ. ಮೆತ್ತಗಿನ ಖಾಲಿ ಚೀಲಗಳಂತಿದ್ದವು. ಲ್ಯಾಬಿನಲ್ಲಿ ಬೇರೆ ತಪಾಸಣೆ ನಡೆದಿದ್ದರಿಂದ ಬಾಟಲಿಗಳು ಹತ್ತು ದಿನ ಕಪಾಟಿನಲ್ಲಿ ಕಾದಿದ್ದವು. ಆದರೇನು, ಪುರಾವೆ ಕೈಗೆ ಸಿಕ್ಕಿತ್ತಲ್ಲ! ಎರಡು ದಿನ ಕೂತು ಏಳು ಪುಟದ ವರದಿ ಬರೆದೆ. ಸಮುದ್ರದ ಆಮ್ಲೀಕರಣವೇ ಕಾರಣ, ಇದು ಮನುಷ್ಯರ ಕೈಮೀರಿದ್ದು, ಹೆಂಗಸರ ತಪ್ಪಲ್ಲ, ನಮ್ಮ ತಪ್ಪಂತೂ ಅಲ್ಲವೇ ಅಲ್ಲ.

ವರದಿ ನಮ್ಮ ವಿಭಾಗದ ಮುಖ್ಯಸ್ಥೆಯ ಮೇಜಿಗೆ ಹೋಯಿತು. ಅವಳು ನನಗಿಂತ ಹದಿನೈದು ವರ್ಷ ಚಿಕ್ಕವಳು. ಚೆಂಬೂರಿನ ನಮ್ಮ ಕಾಲೊನಿಯಲ್ಲೇ ಬೆಳೆದ ಉಡುಪಿ ಕಡೆಯ ಹುಡುಗಿ. ಲ್ಯಾಬಿನಲ್ಲಿ ನಾನು ಅವಳನ್ನು ಮೇಡಂ ಎನ್ನುತ್ತೇನೆ, ಅವಳು ನನ್ನನ್ನು ಸರ್ ಎನ್ನುತ್ತಾಳೆ. ಅಂಕಲ್ ಎಂದಳೆಂದರೆ ಏನೋ ಎಡವಟ್ಟಾಗಿದೆ ಎಂದರ್ಥ.

"ಅಂಕಲ್," ಎಂದಳು. ನಾನು ಕುರ್ಚಿ ಎಳೆದುಕೊಂಡೆ. "ವರದಿ ಬಹುತ್ ಬಢಿಯಾ. ಒಂದ್ ಸವಾಲ್. ನಮ್ ಲ್ಯಾಬಿನ ಮರಿಗಳದ್ದೂ ಒಂದ್ ಬಾಟಲಿ ಇಟ್ಟಿದ್ರಲ್ಲ, ಒಳ್ಳೆ ನೀರಿಂದು, ಹೋಲಿಕೆಗೆ? ಅದನ್ನ ನೋಡಿದ್ರಾ?"

"ಅದು ಚೆನ್ನಾಗೇ ಇರ್ತದೆ."

"ಇರ್ತದೆ ಅಲ್ಲ, ಅಂಕಲ್. ನೋಡಿದ್ರಾ?"

ನೋಡಿರಲಿಲ್ಲ. ಗ್ಯಾಸನ್ನು ಎರಡು ಸಲ ನೋಡುವವನು ಅದನ್ನು ಒಂದು ಸಲವೂ ನೋಡಿರಲಿಲ್ಲ. ಇಬ್ಬರೂ ಹೋಗಿ ನೋಡಿದೆವು. ಬದುಕಿದ್ದಾಗ ನಾನೇ ಕಣ್ಣಾರೆ ನೋಡಿದ್ದ, ಗಟ್ಟಿಮುಟ್ಟಾದ ಚಿಪ್ಪು ಹೊತ್ತು ಓಡಾಡುತ್ತಿದ್ದ ನಮ್ಮ ಲ್ಯಾಬಿನ ಮರಿಗಳು ಕೂಡ ಬೆತ್ತಲೆಯಾಗಿದ್ದವು.

"ಫಾರ್ಮಲಿನ್ನಿಗೆ ಬೋರಾಕ್ಸ್ ಹಾಕಿದ್ರಾ?"

ಫಾರ್ಮಲಿನ್ ಇಟ್ಟಲ್ಲೇ ಹುಳಿಯಾಗುವ ದ್ರವ. ಚಿಪ್ಪಿರುವ ಯಾವುದನ್ನಾದರೂ ಅದರಲ್ಲಿಡುವ ಮೊದಲು ಬೋರಾಕ್ಸ್ ಪುಡಿ ಹಾಕಿ ಅದರ ಹುಳಿ ತೆಗೆಯಬೇಕು. ಇದು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಡುವ ಪಾಠ. ಶೆಡ್ಡಿಗೆ ಫಾರ್ಮಲಿನ್ ಕ್ಯಾನು ಕಳಿಸಿದವನೂ ನಾನು, ಬೋರಾಕ್ಸ್ ಪೊಟ್ಟಣ ಮರೆತವನೂ ನಾನು. ಹೋಲಿಕೆಯ ಬಾಟಲಿಗೂ ಅದೇ ಕ್ಯಾನಿನದನ್ನೇ ತಂದು ಸುರಿದಿದ್ದೆ.

"ಮತ್ಲಬ್," ಎಂದಳು ಅವಳು, ನಗು ತಡೆಯಲು ತುಟಿ ಕಚ್ಚಿಕೊಂಡು, "ಆಸಿಡಿನಿಂದ ಚಿಪ್ಪು ಕರಗ್ತದೆ ಅಂತ ಪ್ರೂವ್ ಮಾಡ್ಲಿಕ್ಕೆ ನೀವು ಚಿಪ್ಪನ್ನ ಆಸಿಡಿನಲ್ಲಿ ಇಟ್ರಿ."

"ಪ್ರೂವ್ ಆಯ್ತಲ್ಲ," ಎಂದೆ. ಅಷ್ಟು ಹೇಳಲು ಎಲ್ಲಿಂದ ಧೈರ್ಯ ಬಂತೋ.

ಅವಳು ವರದಿಯನ್ನು ನನ್ನ ಕೈಗೇ ಕೊಟ್ಟಳು. ಸಮಿತಿಗೆ ಇನ್ನೂ ಕಳಿಸಿರಲಿಲ್ಲ. "ಸತ್ತವನ್ನ ನೋಡೋದು ಸಾಕು. ಅಲ್ಲೇ ಹೋಗಿ ಕೂತ್ಕೊಳ್ಳಿ. ನೀರು ನೋಡಿ. ಆ ಪಿಎಚ್ ಮೀಟರ್ ಬೇಡ, ಅದು ನಿಮ್ಮ ಥರಾನೇ, ದಿನಕ್ಕೊಂದು ಹೇಳ್ತದೆ. ಬಣ್ಣದ್ದು ಒಯ್ಯಿರಿ."

ಬಣ್ಣದ್ದು ಎಂದರೆ ಒಂದು ರಂಗಿನ ದ್ರವ. ಸಮುದ್ರದ ನೀರಿಗೆ ಅಳತೆಯ ಹನಿ ಹಾಕಿದರೆ ನೀರು ಎಷ್ಟು ಹುಳಿ ಎಂಬುದನ್ನು ಬಣ್ಣದಲ್ಲಿ ತೋರಿಸುತ್ತದೆ. ಹುಳಿ ಹೆಚ್ಚಿದ್ದರೆ ಹಳದಿ, ಕಡಿಮೆಯಿದ್ದರೆ ನೇರಳೆಯ ಕಡೆಗೆ. ಆ ಬಣ್ಣವನ್ನು ಅಂಗೈಯಗಲದ ಒಂದು ಯಂತ್ರದಲ್ಲಿಟ್ಟರೆ ನಿಖರವಾದ ಪಿಎಚ್ ಅಂಕಿ ಸಿಗುತ್ತದೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಗಾಜಿನ ಕಡ್ಡಿಯ ಮೀಟರಿಗಿಂತ ನಂಬಿಕಸ್ಥ.

ಹುಣ್ಣಿಮೆಯ ಮರುದಿನ ಹೋದೆ. ಹಿಂದಿನ ಸಂಜೆಯೇ ಮಲಾಡಿನ ತಂಗಿಯ ಮನೆಯಲ್ಲಿ ಉಳಿದು, ಮೊದಲ ಫೆರಿ ಹಿಡಿದೆ. ಫೆರಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಸೀಸೆ, ಯಂತ್ರಗಳ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತವನನ್ನು ನೋಡಿ ಒಬ್ಬಾಕೆ, "ಅಸ್ಥಿ ಬಿಡೋದಕ್ಕಾ?" ಎಂದು ಮರಾಠಿಯಲ್ಲಿ ಕನಿಕರದಿಂದ ಕೇಳಿದಳು.

ಶೆಡ್ಡು ತಲುಪಿದಾಗ ಇನ್ನೂ ಮಬ್ಬುಗತ್ತಲೆ. ಮಾಮಾ ಆಗಲೇ ಪಂಪು ಹಚ್ಚಿದ್ದರು. ಖಾಡಿ ಪೂರ್ತಿ ಇಳಿದಿತ್ತು. ನಡುವಿನ ಕಾಲುವೆಯಲ್ಲಿ ಮಾತ್ರ ನೀರು. ಅದರ ಆಳಕ್ಕೆ ಬಿಟ್ಟ ಪೈಪು ತಿಳಿಯಾದ ನೀರನ್ನು ತೊಟ್ಟಿಗೆ ತುಂಬುತ್ತಿತ್ತು. ನಿಜಕ್ಕೂ ತಿಳಿ. ಕೆಸರಿನ ಸುಳಿವಿಲ್ಲ. ನೋಡಿದರೆ ಕುಡಿಯಬೇಕೆನಿಸುವಂಥದ್ದು.

ಮೊದಲ ಸೀಸೆಗೆ ಹನಿ ಬಿಟ್ಟೆ. ಹಳದಿ. ಕೇಸರಿ ತುಸು ಬೆರೆತ ಹಳದಿ. ಯಂತ್ರ ಏಳೂವರೆಯ ಆಸುಪಾಸು ಹೇಳಿತು. ಒಳ್ಳೆಯ ಸಮುದ್ರದ ನೀರು ಎಂಟರ ಮೇಲಿರಬೇಕು. ನನ್ನ ಎದೆ ಒಂದು ಸಲ ಜಿಗಿಯಿತು: ಏಳು ಪುಟ ವ್ಯರ್ಥವಾಗಲಿಲ್ಲ! ಆದರೆ ಹೋಲಿಕೆಯ ಬಾಟಲಿಯ ಪಾಠ ಇನ್ನೂ ಹಸಿಯಾಗಿತ್ತು. ಗಂಟೆಗೊಂದು ಸೀಸೆ ತೆಗೆಯುತ್ತ ಸಂಜೆಯವರೆಗೂ ಕೂರುವುದೆಂದು ತೀರ್ಮಾನಿಸಿದೆ.

ಎಂಟು ಗಂಟೆಯದು ಕೇಸರಿ. ಹತ್ತರದು ಇಟ್ಟಿಗೆ ಬಣ್ಣ. ಸಮುದ್ರ ಒಳನುಗ್ಗಿ ಖಾಡಿ ತುಂಬತೊಡಗಿತ್ತು. ಸೂರ್ಯ ನೆತ್ತಿಗೇರುತ್ತಿದ್ದ. ಒಂದು ಗಂಟೆಯದು ಕೋಕಮ್ ಶರಬತ್ತಿನಂಥ ಕೆಂಪು ನೇರಳೆ. ಮಾಮಾ ಒಂದೊಂದೇ ಸೀಸೆಯನ್ನು ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಇಡುತ್ತ ಬಂದವರು ನಿಂತು ದಿಟ್ಟಿಸಿದರು.

"ಇದೆಲ್ಲಾ ಒಂದ ಖಾಡಿ ನೀರ ಏನ್ರಿ?"

"ಒಂದೇ."

"ನಾವು ಎತ್ತೂದು ಈ ತುದೀದು?" ಹಳದಿಯನ್ನು ಮುಟ್ಟಿದರು.

"ಹೌದು. ಯಾಕೆ ಮಾಮಾ, ನೀವು ನಸುಕಿನಲ್ಲೇ ಯಾಕೆ ನೀರು ತುಂಬುತ್ತೀರಿ?"

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಹಾಸ್ಯ ಮಾಡುತ್ತಿದ್ದೇನೋ ಎಂದು ಅನುಮಾನ. "ಯಾಕಂದ್ರ? ನೀವ ಬರದ ಕೊಟ್ಟೀರಲ್ರಿ."

ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರವಾಗಿ ಮರಾಠಿಯಲ್ಲಿ ಬರೆದ ಸೂಚನೆಗಳಿದ್ದವು. ಎರಡು ವರ್ಷ ಹಿಂದೆ ಶೆಡ್ಡು ತೆರೆದಾಗ ಅಂಟಿಸಿದ್ದು. ಮೊದಲನೆಯದೇ: ನೀರನ್ನು ಸೂರ್ಯೋದಯಕ್ಕೆ ಮುಂಚೆ, ಕೆಸರು ತಳಕ್ಕೆ ಕೂತು ತಿಳಿಯಾಗಿರುವಾಗ ಮಾತ್ರ ಎತ್ತಬೇಕು. ಕೆಳಗೆ ನನ್ನ ಸಹಿ. ಕೆಸರಿನಿಂದ ಮೊಟ್ಟೆಗಳು ಮುಚ್ಚಿಹೋದಾವೆಂಬ ಚಿಂತೆಯಲ್ಲಿ ಬರೆದದ್ದು. 'ಮಾತ್ರ' ಎಂಬ ಪದದ ಕೆಳಗೆ ಎರಡು ಗೆರೆ. ಅವೂ ನನ್ನವೇ.

ಕೂತು ಲೆಕ್ಕ ಹಾಕಿದೆ. ಹಗಲಿನಲ್ಲಿ ನೀರಿನೊಳಗಿನ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ರಾತ್ರಿಯಿಡೀ ಎಲ್ಲವೂ ಅದನ್ನು ಉಸಿರಾಗಿ ಹೊರಬಿಡುತ್ತವೆ. ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬುಡದ ಕೊಳೆತ ಎಲೆ, ಊರಿನಿಂದ ಹರಿದುಬಂದ ಕೊಳಚೆ ಎಲ್ಲ ಸೇರಿ ನಸುಕಿನ ಹೊತ್ತಿಗೆ ನೀರು ಅತಿ ಹುಳಿ. ಅದರ ಮೇಲೆ, ನಾವು ಮೊಟ್ಟೆಯಿಡಿಸುತ್ತಿದ್ದದ್ದು ಹುಣ್ಣಿಮೆ ಅಮಾವಾಸ್ಯೆಯ ಸುಮಾರಿಗೆ. ಆ ದಿನಗಳಲ್ಲಿ ನಸುಕಿಗೇ ದೊಡ್ಡ ಇಳಿತ, ಬಂಡೆ ಬಯಲಾಗಿ ತಾಯಿ ಸಿಂಪಿ ಸಿಗುವುದು ಸುಲಭ. ಅಂದರೆ ಸಮುದ್ರದ ನೀರೆಲ್ಲ ಹಿಂದಕ್ಕೆ ಹೋಗಿ, ಖಾಡಿಯ ಮಡ್ಡಿಯಷ್ಟೇ ಉಳಿದ ಹೊತ್ತು. ಶೋಧಿಸಿದರೆ ಕೆಸರು ಹೋಗುತ್ತದೆ, ಕರಗಿದ ಗಾಳಿ ಹೋಗುವುದಿಲ್ಲ. ಗುಳ್ಳೆ ಬಿಟ್ಟು ಕಲಕಿದರೆ ಸ್ವಲ್ಪ ಹೋದೀತು, ಆದರೆ ಮೊದಲ ದಿನ ಮೊಟ್ಟೆಗಳನ್ನು ಕಲಕಬಾರದು, ನಿಂತ ನೀರಿನಲ್ಲೇ ಇಡಬೇಕು. ಇದು ಸೂಚನೆ ಸಂಖ್ಯೆ ಆರು. ಆರನೆಯದು ಸರಿಯಾಗಿಯೇ ಇತ್ತು. ಮೊದಲನೆಯದರ ಜೊತೆ ಸೇರಿ ಮರಿಗಳನ್ನು ಕೊಂದಿತ್ತು.

ಊಟದ ಡಬ್ಬಿ ಬಿಚ್ಚಿದೆ. ತಂಗಿ ಕಟ್ಟಿಕೊಟ್ಟ ಇಡ್ಲಿಯನ್ನು ನೋಡಿ ಮತ್ತೆ ಮುಚ್ಚಿಟ್ಟೆ. ಏಳು ಪುಟದ ವರದಿಯನ್ನು ತುಸು ತಿದ್ದಿದರೆ ಸಾಕಿತ್ತು. ನೀರು ಹುಳಿ ಎಂಬುದು ನಿಜ. ಸಮುದ್ರ ಹುಳಿಯಾಗುತ್ತಿದೆ ಎಂಬುದೂ ನಿಜ. ಎರಡು ನಿಜಗಳನ್ನು ಅಕ್ಕಪಕ್ಕ ಇಟ್ಟು ನಡುವಿನ ಕಾಗದವನ್ನು ಗೋಡೆಯಿಂದ ಕಿತ್ತರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸಮಿತಿ ಅನುಕಂಪದ ನಾಲ್ಕು ಮಾತು ಬರೆದು ಶೆಡ್ಡು ಮುಚ್ಚುತ್ತಿತ್ತು. ನನಗೆ ಒಂದು ಪ್ರಬಂಧ ಸಿಗುತ್ತಿತ್ತು. ಮಾವಶಿಗೆ ಓರಗಿತ್ತಿಯ ಪಕ್ಕ ಬಂಡೆಯ ಮೇಲೆ ಜಾಗ ಸಿಗುತ್ತಿತ್ತು.

ಇಂಥ ಸಂದರ್ಭದಲ್ಲಿ ಧೀರರು ಬಹುಶಃ ಎದ್ದು ನಿಲ್ಲುತ್ತಾರೆ. ನಾನು ಕೂತೇ ಇದ್ದೆ. ಮಾವಶಿ ಬಂದಾಗ ಬಾಯಿಂದ ತಾನಾಗಿ ಹೊರಬಿತ್ತು, ಅಷ್ಟೆ.

"ಮಾವಶಿ, ಮರಿ ಸಾಯಿಸಿದ್ದು ಆ ಕಾಗದ. ಅದನ್ನು ಬರೆದದ್ದು ನಾನು."

ಮಾವಶಿಯ ಮರಾಠಿಯನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅವರು ದೇವರನ್ನೂ ದೊಡ್ಡ ಅಧಿಕಾರಿಯನ್ನೂ ಏಕವಚನದಲ್ಲೇ ಮಾತಾಡಿಸುವವರು. ಕಿಟಕಿಯ ಹಲಗೆಯ ಸೀಸೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಮಾಮಾ ಹಿಂದಿ ಬೆರೆಸಿದ ಮರಾಠಿಯಲ್ಲಿ ಹಳದಿ ಕೆಟ್ಟದ್ದು, ನೇರಳೆ ಒಳ್ಳೆಯದು ಎಂದು ವಿವರಿಸಿದರು. ನಾನು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ ಉಪನ್ಯಾಸವನ್ನು ಎರಡು ವಾಕ್ಯದಲ್ಲಿ ಮುಗಿಸಿದರು.

"ಈ ಕಾಗದಕ್ಕೆ ನಾವು ಪ್ರತಿ ಸಲ ಊದುಬತ್ತಿ ತೋರಿಸಿ ಕೆಲಸ ಶುರು ಮಾಡುತ್ತೇವೆ, ಗೊತ್ತಾ ಸಾಹೇಬ?" ಎಂದರು ಮಾವಶಿ.

"ಗೊತ್ತಿರಲಿಲ್ಲ."

"ನನ್ನ ಓರಗಿತ್ತಿ ಮೊನ್ನೆ ಬಂಡೆಯ ಮೇಲೆ ಜಾರಿ ಅಂಗಾಲು ಕೊಯ್ದುಕೊಂಡಳು. ಶೆಡ್ಡಿನಲ್ಲಿ ಇದ್ದಿದ್ದರೆ ಕೊಯ್ದುಕೊಳ್ಳುತ್ತಿರಲಿಲ್ಲ. ಇದೂ ಗೊತ್ತಿರಲಿಲ್ಲ ಅಲ್ಲ?"

ತಲೆ ತಗ್ಗಿಸಿದೆ.

"ಮುಖ ಹಾಗೆ ಮಾಡಬೇಡ. ಬೈಯ್ಯೋದು ಆಮೇಲೆ ಇದೆ. ಈಗ ನೀರು ಯಾವಾಗ ಎತ್ತಬೇಕು, ಅದು ಹೇಳು."

ಮಧ್ಯಾಹ್ನದ ಉಬ್ಬರದ ನೀರು ಬೇಕು, ಆದರೆ ಅದು ಕೆಸರು ಹೊತ್ತು ತರುತ್ತದೆ ಎಂದೆ. ಮಾಮಾ ತಕ್ಷಣ ತಕರಾರು ತೆಗೆದರು. "ಉಸುಕಿನ ಫಿಲ್ಟರ್ ಕಟ್ಟಕೋತೈತ್ರಿ. ಹತ್ತ ನಿಮಿಷಕ್ಕೊಮ್ಮೆ ತೊಳೀಬೇಕಾಗ್ತೈತಿ. ನೀವ ಬಂದ ತೊಳೀತೀರೇನ?" ನಿಜವೇ. ಲ್ಯಾಬಿನ ಮುಖ್ಯಸ್ಥೆಗೆ ಫೋನು ಮಾಡಿದೆ. ನಸುಕಿನ ನೀರಿಗೇ ಸೋಡಾ ಪುಡಿ ಹಾಕಿ ಹುಳಿ ತೆಗೆಯಬಹುದಲ್ಲ ಎಂದಳು. ತೆಗೆಯಬಹುದು, ಹೊರಗಿನ ಕೆಲವು ಹ್ಯಾಚರಿಗಳು ಹಾಗೆ ಮಾಡುವುದೂ ಉಂಟು. ಆದರೆ ಪ್ರತಿ ಸಲ ಅಳೆಯಬೇಕು, ತೂಗಬೇಕು. ನಾಳೆ ನಾನಿಲ್ಲದಿದ್ದರೆ ಯಾರು ಅಳೆಯುತ್ತಾರೆ? ಹೆಚ್ಚಾದರೆ ಅದೂ ವಿಷ. ಮತ್ತೊಂದು ಕಾಗದ ಗೋಡೆಗೆ ಅಂಟಿಸಲು ನನ್ನ ಕೈ ಬರಲಿಲ್ಲ.

ಮಾವಶಿ ಅಷ್ಟರಲ್ಲಿ ಹೊಸಿಲ ಮೇಲೆ ಕೂತು ಖಾಡಿಯನ್ನು ನೋಡುತ್ತಿದ್ದರು. ಉಬ್ಬರಕ್ಕೆ ಅವರು ಭರತಿ ಎನ್ನುತ್ತಾರೆ. "ಇಡೀ ಭರತಿ ಯಾಕೆ ಬೇಕು ನಿನಗೆ? ಭರತಿ ಏರಿ ನಿಲ್ಲುತ್ತದಲ್ಲ, ಆಗ ಎತ್ತು."

"ನಿಲ್ಲುವುದೆಂದರೆ?"

"ಬಂದ ನೀರು ಹೋಗೋದಕ್ಕೆ ಮುಂಚೆ ನಿಲ್ಲುತ್ತದೆ. ಅರ್ಧ ಗಂಟೆ. ನಮ್ಮ ಗಂಡಸರು ಬಲೆ ತಿರುಗಿಸಿ ಕಟ್ಟೋದು ಆವಾಗಲೇ. ಕೆಸರು ಕೆಳಗೆ ಕೂರುತ್ತದೆ. ನೀನು ಇಷ್ಟು ಓದಿದ್ದೀಯ, ನೀರು ನಿಲ್ಲೋದನ್ನು ಯಾವತ್ತೂ ನೋಡಲಿಲ್ಲವಾ?"

ಪುಸ್ತಕದಲ್ಲಿ ನೋಡಿದ್ದೆ. ಉಬ್ಬರದ ಕೋಷ್ಟಕವನ್ನು ಸದಾ ಜೇಬಿನಲ್ಲಿಟ್ಟುಕೊಂಡು ತಿರುಗುವವನು ನಾನು, ಫೆರಿ ತಪ್ಪೀತೆಂಬ ಭಯಕ್ಕೆ. ಅದರಲ್ಲಿದ್ದ ಅಂಕಿಗಳು ಇದೇ ನೀರಿನದೆಂದು ಹೊಳೆದೇ ಇರಲಿಲ್ಲ.

ವರದಿ ಬೇರೆಯಾಯಿತು. ಒಂದೂವರೆ ಪುಟ. ನಸುಕಿನ ನೀರಿನ ಸೂಚನೆ ನಮ್ಮದು, ತಪ್ಪು ನಮ್ಮದು, ಮೇ ತಿಂಗಳ ಹುಣ್ಣಿಮೆಗೆ ಕೊನೆಯ ಒಂದು ಅವಕಾಶ ಬೇಕು. ಮುಖ್ಯಸ್ಥೆ ಓದಿ, "ನಮ್ಮದು ಅಂತ ಬರ್ದಿದ್ದೀರಿ, ನನ್ನದು ಅಂತ ಅಲ್ಲ," ಎಂದಳು. ತಿದ್ದಲು ಕೈ ಚಾಚಿದೆ. "ರೆಹನೇ ದೋ ಸರ್, ಇರ್ಲಿ. ನಾನೂ ಆ ಕಾಗದ ಓದಿ ಸಹಿ ಹಾಕಿದ್ದೆ." ಸರ್ ಎಂದಿದ್ದಳು. ಅರ್ಧ ಜೀವ ಬಂತು.

ಸಮಿತಿ ಒಪ್ಪಿತು. ಒಂದೇ ಸಲ ಎಂದಿತು.

ಹುಣ್ಣಿಮೆಯ ಹಿಂದಿನ ದಿನ ನೀರು ತುಂಬಬೇಕು. ಮಾಮಾ ಬೆಳಿಗ್ಗೆಯಿಂದ ಫಿಲ್ಟರಿನ ಉಸುಕನ್ನು ಮೂರು ಸಲ ತೊಳೆದಿದ್ದರು. ಹನ್ನೆರಡರ ಹೊತ್ತಿಗೆ ಭರತಿ ಏರಿತು. ಮಾವಶಿ ಒಂದು ಒಣ ಕಡ್ಡಿಯನ್ನು ನೀರಿಗೆ ಎಸೆದು ನೋಡುತ್ತ ನಿಂತರು. ಕಡ್ಡಿ ಒಳಕ್ಕೆ ಹೋಗುತ್ತಿದ್ದದ್ದು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಇದ್ದಲ್ಲೇ ತಿರುಗತೊಡಗಿತು. "ಹಚ್ಚು!" ಎಂದು ಕೂಗಿದರು.

ಮಾಮಾ ಗುಂಡಿ ಒತ್ತಿದರು. ಪಂಪು ಗುರುಗುಟ್ಟಿತು, ನೀರು ಬರಲಿಲ್ಲ. ಗಾಳಿ ಹೋಗಲೆಂದು ಪಂಪಿಗೆ ನೀರು ಹೊಯ್ದು ಮತ್ತೊಮ್ಮೆ ಒತ್ತಿದರು. ಇಲ್ಲ. ನನ್ನ ಕೈಗಡಿಯಾರದಲ್ಲಿ ಆರು ನಿಮಿಷ ಹೋಗಿತ್ತು. ಇಂಥದ್ದೇನೋ ಆಗುತ್ತದೆ ಎಂದು ಹದಿನೈದು ದಿನದಿಂದ ನಾನು ಊಹಿಸಿದ್ದೆ. ಆದರೆ ಊಹಿಸಿದ ಮೂವತ್ತು ಅನಾಹುತಗಳಲ್ಲಿ ಇದು ಇರಲಿಲ್ಲ. ಮಾಮಾ ಅಂಗಿ ಕಳಚಿ ಎದೆಮಟ್ಟದ ನೀರಿಗಿಳಿದು ಪೈಪಿನ ಬಾಯಿಯನ್ನು ಮೇಲೆತ್ತಿದರು. ಬಾಯಿಯ ಕವಾಟ ಮುಚ್ಚದಂತೆ, ಅದರ ಅಂಚಿಗೆ ಉಗುರಿನಷ್ಟಗಲದ ನಾಲ್ಕು ಸಿಂಪಿಗಳು ಅಂಟಿ ಬೆಳೆದಿದ್ದವು; ಹೊಯ್ದ ನೀರೆಲ್ಲ ಆ ಸಂದಿಯಿಂದ ಸೋರಿಹೋಗುತ್ತಿತ್ತು.

"ನೋಡ್ರಿ ಇವರ ಸೊಕ್ಕ!" ಎಂದರು ಮಾಮಾ, ಚಾಕುವಿನಿಂದ ಕೆರೆಯುತ್ತ. "ತೊಟ್ಟಿ ಕಟ್ಟಿ, ಊಟಾ ಕೊಟ್ಟು ಬೆಳೀರ್ಯೋ ಅಂದ್ರ ಸಾಯ್ತಾವ. ಬ್ಯಾಡಂದಲ್ಲಿ ಬಂದು ಸಂಸಾರ ಹೂಡತಾವ."

ಹನ್ನೊಂದನೇ ನಿಮಿಷಕ್ಕೆ ಪಂಪು ನೀರು ಹಿಡಿಯಿತು. ಕಡ್ಡಿ ಹೊರಮುಖವಾಗಿ ಸರಿಯತೊಡಗುವವರೆಗೆ ಎತ್ತಿದೆವು. ಒಂದೂವರೆ ತೊಟ್ಟಿಯಾಯಿತು. ಹನಿ ಬಿಟ್ಟು ನೋಡಿದೆ. ಕೋಕಮ್. ಮರುದಿನ, ಅದರ ಮರುದಿನ ಮತ್ತೆ ಎತ್ತಿ ಉಳಿದ ತೊಟ್ಟಿಗಳನ್ನೂ ತುಂಬಿದೆವು. ಉಬ್ಬರದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದಕ್ಕೆ ಹೋಗುತ್ತದೆ, ವಾರ ಕಳೆದರೆ ಮಧ್ಯಾಹ್ನದ ನೀರೇ ಸಿಗುವುದಿಲ್ಲ. ಆ ವಾರಕ್ಕೂ ಈಗಲೇ ಸಂಗ್ರಹ ಬೇಕಿತ್ತು.

ಹುಣ್ಣಿಮೆಯ ದಿನ ನಸುಕಿನಲ್ಲಿ ತಂದ ದೊಡ್ಡ ಸಿಂಪಿಗಳನ್ನು ಹೆಂಗಸರು ಬ್ರಷ್ಷಿನಿಂದ ಉಜ್ಜಿ ತೊಳೆದು, ನೆರಳಿನಲ್ಲಿ ಒಣ ಇಟ್ಟು, ಆಮೇಲೆ ಬಿಸುಪಾದ ನೀರಿಗೆ, ಅಲ್ಲಿಂದ ತಣ್ಣನೆಯದಕ್ಕೆ, ಮತ್ತೆ ಬಿಸುಪಿಗೆ ಬದಲಿಸಿದರು; ಈ ಏರಿಳಿತಕ್ಕೆ ಅವು ಮೊಟ್ಟೆ ಬಿಡಬೇಕು. ಎರಡು ಗಂಟೆ ಏನೂ ಆಗಲಿಲ್ಲ. ಸಿಂಪಿಗಳು ಕಲ್ಲಿನಂತೆ ಕೂತಿದ್ದವು. ನಾನು ಮೂರನೇ ಸಲ ಥರ್ಮಾಮೀಟರು ಅದ್ದಲು ಹೋದಾಗ ಮಾವಶಿ ನನ್ನ ಕೈ ಹಿಡಿದು, "ಬಾಣಂತಿ ಕೋಣೆಗೆ ಗಂಡಸು ಹೀಗೆ ಇಣುಕಬಾರದು. ಹೊರಗೆ ಹೋಗಿ ಚಾ ಕುಡಿ," ಎಂದರು. ಹೋದೆ. ಅರ್ಧ ಲೋಟವೂ ಆಗಿರಲಿಲ್ಲ, ಒಳಗಿನಿಂದ ಕೂಗು ಕೇಳಿತು. ಒಂದು ಗಂಡು ಸಿಂಪಿ ಹಾಲಿನಂಥ ಎಳೆಯನ್ನು ಬಿಟ್ಟಿತ್ತು. ಹಿಂದೆಯೇ ಇನ್ನೊಂದು. ಆಮೇಲೆ ಹೆಣ್ಣುಗಳು ಚಿಪ್ಪನ್ನು ಟಪ್ಪೆಂದು ಬಡಿದು ಮೊಟ್ಟೆಯ ಮೋಡ ಚೆಲ್ಲಿದವು.

ಮೊಟ್ಟೆಗಳನ್ನು ಸಣ್ಣ ಜರಡಿಯಲ್ಲಿ ತೊಳೆದು, ಹೊಸ ನೀರಿನ ತೊಟ್ಟಿಗೆ ಸಮನಾಗಿ ಹರಡಿ, ಮುಚ್ಚಿ ಬಿಟ್ಟೆವು. ಆ ರಾತ್ರಿ ತಂಗಿಯ ಮನೆಯಲ್ಲಿ ನಾನು ಮಲಗಿದೆನೇ ಇಲ್ಲವೇ ಎಂಬುದರ ಬಗ್ಗೆ ಅವಳ ಗಂಡ ಇವತ್ತಿಗೂ ಎಲ್ಲರೆದುರು ಹೇಳುತ್ತಾರೆ. ಬೆಳಿಗ್ಗೆ ಹೋಗಿ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟು ಬಗ್ಗಿದೆ. ಇಂಗ್ಲಿಷಿನ ಡಿ ಅಕ್ಷರದ ಆಕಾರದ ಮರಿಗಳು, ಎರಡೂ ಚಿಪ್ಪು ಪೂರ್ತಿ, ಅಂಚಿನ ಕೂದಲು ಬೀಸುತ್ತ ಗಿರಗಿರನೆ ಓಡುತ್ತಿದ್ದವು. ಬೆಳಕನ್ನು ಸೋಸುವ ಎರಡು ಗಾಜುಗಳನ್ನು ಮೇಲೆ ಕೆಳಗೆ ಇಟ್ಟೆ. ಹಾಗಿಟ್ಟರೆ ಸುತ್ತ ಎಲ್ಲ ಕಪ್ಪಾಗಿ ಸುಣ್ಣ ಮಾತ್ರ ಹೊಳೆಯುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಒಂದೊಂದು ಮರಿಯೂ ಹೊಳೆಯಿತು.

ಎಣಿಸಿದೆ. ಮತ್ತೊಂದು ಹನಿ ತೆಗೆದು ಎಣಿಸಿದೆ. ನಂಬದೆ ಮೂರನೆಯದು. ಹಿಂದಿನ ಸಲ ಒಂದು ಮರಿಯೂ ಈಜಿರಲಿಲ್ಲ; ಇಲ್ಲಿ ಹತ್ತರಲ್ಲಿ ಏಳೆಂಟಕ್ಕೆ ಪೂರ್ತಿ ಚಿಪ್ಪಿತ್ತು. ಎಲ್ಲ ಹೆಂಗಸರೂ ಸರದಿಯಲ್ಲಿ ಬಗ್ಗಿ ನೋಡಿದರು. ಮಾಮಾ ಕೊನೆಗೆ ಬಂದು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಎರಡ ವರ್ಷ ನೀರ ಹೊತ್ತೇನ್ರಿ," ಎಂದರು. "ಯಾರ ಸಂಬಂಧ ಹೊತ್ತೆ ಅನ್ನೂದ ಇವತ್ತ ನೋಡಿದೆ."

ಮುಂದಿನ ಮೂರು ವಾರ ಸುಲಭವಾಗಿರಲಿಲ್ಲ, ಆದರೆ ಅದು ಗೊತ್ತಿರುವ ಕಷ್ಟ. ಎರಡು ದಿನಕ್ಕೊಮ್ಮೆ ನೀರು ಬದಲಿಸುವುದು, ಪಾಚಿ ಬೆಳೆಸಿ ಉಣಿಸುವುದು, ದುರ್ಬಲವಾದವನ್ನು ಜರಡಿಯಲ್ಲಿ ಬೇರ್ಪಡಿಸುವುದು. ಎರಡನೇ ವಾರದಲ್ಲಿ ಒಂದು ತೊಟ್ಟಿ ಪೂರ್ತಿ ಹೋಯಿತು. ಕಾರಣ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ವರದಿಯಲ್ಲಿ ಬರೆದೆ. ಉಳಿದ ತೊಟ್ಟಿಗಳ ಮರಿಗಳಿಗೆ ಕಪ್ಪು ಕಣ್ಣಿನ ಚುಕ್ಕೆ ಮೂಡಿತು, ಕಾಲು ಬಂತು, ಜಾಗ ಹುಡುಕುತ್ತ ತಳದಲ್ಲಿ ತೆವಳತೊಡಗಿದವು. ಹಳೆಯ ಚಿಪ್ಪುಗಳ ಸರಗಳನ್ನು ಇಳಿಬಿಟ್ಟೆವು. ಸಮಿತಿಯವರು ಬಂದ ದಿನ ಪ್ರತಿ ಚಿಪ್ಪಿನ ಮೇಲೂ ಸಾಸಿವೆ ಕಾಳಿನಷ್ಟು ಸಿಂಪಿಗಳು ಅಂಟಿ ಕೂತಿದ್ದವು. ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಬಗ್ಗಿ, "ಇವನ್ನು ಇಲ್ಲಿ ಹಚ್ಚಿದವರು ಯಾರು?" ಎಂದು ಕೇಳಿದರು. ಮಾವಶಿ ತಡಮಾಡದೆ, "ಅವೇ ಹಚ್ಚಿಕೊಂಡವು. ನಾವು ನೀರು ಕೊಟ್ಟೆವು," ಎಂದರು. ಶೆಡ್ಡು ಇನ್ನೂ ಎರಡು ವರ್ಷ ಇರಲಿ ಎಂದು ಅಲ್ಲೇ ಬರೆದುಕೊಟ್ಟರು.

ಮಳೆ ಬರುವ ಮುಂಚೆ ಸರಗಳನ್ನು ಖಾಡಿಯ ಬಿದಿರಿನ ಚಪ್ಪರಕ್ಕೆ ಕಟ್ಟಬೇಕಿತ್ತು. ನಾನೂ ಹೋಗಿದ್ದೆ. ಬಂಡೆಗೆ ಹೋದ ನಾಲ್ವರಲ್ಲಿ ಮೂವರು ವಾಪಸು ಬಂದಿದ್ದರು. ಓರಗಿತ್ತಿ ಅಂಗಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ದಡದಲ್ಲಿ ಕೂತು ಗಂಟು ಹಾಕಿಕೊಡುತ್ತಿದ್ದಳು. ದೋಣಿಯಲ್ಲಿ ಮಾವಶಿ, ನಾನು. ಎಲ್ಲವೂ ಸರಿಯಾಗಿದ್ದದ್ದರಿಂದ ನನಗೆ ಸಹಜವಾಗಿಯೇ ಕಳವಳ ಶುರುವಾಯಿತು.

"ಮಾವಶಿ, ಒಂದು ಮಾತು ಹೇಳಬೇಕು. ನಾವು ಮಾಡಿದ್ದು ಒಳ್ಳೆಯ ಹೊತ್ತು ಹುಡುಕಿದ್ದು, ಅಷ್ಟೆ. ಸಮುದ್ರವೇ ಬದಲಾಗುತ್ತಿದೆ. ಇನ್ನು ಕೆಲವು ವರ್ಷಕ್ಕೆ ಆ ನಿಂತ ನೀರೂ ಈಗಿನಷ್ಟು ಒಳ್ಳೆಯದಿರಲಿಕ್ಕಿಲ್ಲ. ಆಗ ಬೇರೆ ಏನಾದರೂ..."

"ಯಾವಾಗ?"

"ಹತ್ತು ವರ್ಷವೋ, ಇಪ್ಪತ್ತೋ. ಖಚಿತವಾಗಿ ಹೇಳಲು ಬರುವುದಿಲ್ಲ."

"ಆಗ ಬಾ, ಕೂತು ನೋಡೋಣ," ಎಂದರು ಮಾವಶಿ. "ಈಗ ಹಗ್ಗ ಹಿಡಿ. ಎರಡೂ ಕೈಯಲ್ಲಿ."

ಹಿಡಿದೆ. ನಾನೆಂದುಕೊಂಡದ್ದಕ್ಕಿಂತ ಭಾರವಿತ್ತು.